ಮಾವನ ಬ್ರಷ್ಷಿಗೆ ತಕ್ಕ ಬಟ್ಟಲು

ನಮ್ಮ ಮಾವನವರು ಗಡ್ಡ ಹೆರೆದುಕೊಳ್ಳುವ ದಿನ ಯಾವುದು ಅಂತ ನಮ್ಮನೆಯಲ್ಲಿ ಯಾರೂ ಕ್ಯಾಲೆಂಡರ್ ನೋಡಬೇಕಾಗಿರಲಿಲ್ಲ. ಬುಧವಾರ, ಇಲ್ಲದಿದ್ದರೆ ಭಾನುವಾರ. ಸೋಮವಾರ ಎತ್ತಿನ ಹೆಗಲ ಮೇಲೇ ನೊಗ ಇಡದವರು ತಮ್ಮ ಕೆನ್ನೆ ಮೇಲೆ ಬ್ಲೇಡು ಇಡುತ್ತಾರೆಯೇ? ಮಂಗಳವಾರ, ಶುಕ್ರವಾರ ಲಕ್ಷ್ಮಿಯವು. ಶನಿವಾರ ತಿಮ್ಮಪ್ಪನದು. ಗುರುವಾರಕ್ಕೆ ಯಾವ ಅಡ್ಡಿಯೂ ಇರಲಿಲ್ಲ, ಆದರೂ ಯಾಕೋ ಅವರಿಗೆ ಒಗ್ಗುತ್ತಿರಲಿಲ್ಲ.

ಆ ದಿನ ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬಂದವರೇ ಜಗಲಿ ಕಂಬಕ್ಕೆ ಕನ್ನಡಿ ನೇತುಹಾಕಿ ಮಣೆ ಮೇಲೆ ಕೂರೋರು. ಸ್ಟೀಲ್ ಲೋಟದಲ್ಲಿ ಬ್ರಷ್ಷು ತಿರುಗುವ ಸದ್ದು ಅಡುಗೆಮನೆಗೆ ಕೇಳೋದು. ಕೇಳಿದ ಕೂಡಲೇ ನಾನು ಬಚ್ಚಲ ಒಲೆಗೆ ಇನ್ನಷ್ಟು ಸೌದೆ ನೂಕುತ್ತಿದ್ದೆ. ಯಾಕೆಂದರೆ ಗಡ್ಡ ಹೆರೆದ ಮೇಲೆ ತಲೆ ಮೇಲೆ ನೀರು ಬೀಳುವ ತನಕ ಅವರು ಹೊಸಿಲು ದಾಟುವ ಹಾಗಿರಲಿಲ್ಲ. ಅದು ನಮ್ಮತ್ತೆಯ ಕಾನೂನು. ಸೋಪು, ಬ್ರಷ್ಷು, ರೇಜರು, ಪಟಿಕದ ತುಂಡು ಎಲ್ಲಕ್ಕೂ ಜಗಲಿಯ ಗೂಡೇ ಮನೆ. ಒಳಗೆ ಅವಕ್ಕೆ ಪ್ರವೇಶವಿಲ್ಲ.

ಆ ಬ್ರಷ್ಷಿನ ವಿಷಯ ಹೇಳಲೇಬೇಕು. ಎಷ್ಟೋ ವರ್ಷದ ಹಿಂದೆ ಮೈಸೂರಿಗೆ ಹೋದಾಗ ತಂದದ್ದಂತೆ. ಮರದ ಹಿಡಿ, ಕೈ ಜಿಡ್ಡು ಕುಡಿದೂ ಕುಡಿದೂ ಲಟ್ಟಣಿಗೆ ಹಿಡಿಯ ಹಾಗೆ ನುಣ್ಣಗಾಗಿತ್ತು. ಕೂದಲು ಬಲು ದಟ್ಟ. ನೆನೆದರೆ ಚೆಂಡುಹೂವಿನ ಹಾಗೆ ಅರಳಿಕೊಳ್ಳೋದು. ಅದು ಯಾವ ಪ್ರಾಣಿಯ ಕೂದಲು ಅಂತ ಅತ್ತೆ ಮದುವೆಯಾದಾಗಿಂದ ಕೇಳುತ್ತಿದ್ದರು, ಮಾವ ಹೇಳುತ್ತಿರಲಿಲ್ಲ. "ಕೇಳಿದ್ರೆ ನೀನು ಮನೇಲಿ ಇಕ್ಕಾಕಿಲ್ಲ, ಸುಮ್ಕಿರು" ಅನ್ನೋರು. ಹಾಗಾಗಿ ಅತ್ತೆ ಅದನ್ನು ಬ್ರಷ್ಷು ಅಂತ ಕರೆಯುತ್ತಲೇ ಇರಲಿಲ್ಲ. "ಆ ಪ್ರಾಣಿ" ಅನ್ನೋರು.

ತೊಂಬತ್ತರ ದಶಕದ ನಡುವಿನ ಮಾತು. ಶೀಳನೆರೆ ಹೋಬಳಿಯ ನಮ್ಮೂರಿಗೆ ಆಗ ದಿನಕ್ಕೆ ಒಂದೆರಡು ಬಸ್ಸು ಬರುತ್ತಿದ್ದವು. ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಮಾವನವರ ಬಲಗಡೆಗೆ ಲಕ್ವ ಹೊಡೆಯಿತು. ದೇವರು ದೊಡ್ಡವನು, ಕಾಲು ಒಂದಷ್ಟು ದಿನ ಎಳೆದು ಸರಿಹೋಯಿತು. ಮಾತೂ ಉಳಿಯಿತು. "ಮಾತೊಂದು ಹೋಗಿದ್ರೆ ಮನೆ ತಣ್ಣಗಿರ್ತಿತ್ತು" ಅಂತ ಅತ್ತೆ ಬೈಸಿಕೊಂಡಾಗಲೆಲ್ಲ ಅಂದು, ಮರುಕ್ಷಣ ಕೆನ್ನೆ ಬಡಿದುಕೊಂಡು ದೇವರ ಗೂಡಿನ ಕಡೆ ತಿರುಗಿ ಕೈ ಮುಗಿಯೋರು. ಬಲಗೈ ಮಾತ್ರ ಮಡಿಲಲ್ಲಿ ಮಲಗಿದ ಬೆಕ್ಕಿನ ಹಾಗೆ ಸುಮ್ಮನೆ ಬಿದ್ದಿರುತ್ತಿತ್ತು.

ಕೈ ಹೋದರೂ ಆಗುತ್ತಿತ್ತೇನೋ, ಅದರ ಹಿಂದೆಯೇ ಕಟ್ಟೆಯೂ ಹೋಯಿತು. ಡೈರಿ ಪಕ್ಕದ ಅರಳೀಕಟ್ಟೆ ಮೇಲೆ ಮಾವನವರಿಗೆ ಒಂದು ಜಾಗ ಇತ್ತು. ಬದುವಿನ ತಕರಾರಿಗೆ, ಎತ್ತಿನ ಹಲ್ಲು ನೋಡುವುದಕ್ಕೆ, ಸುಮ್ಮನೆ ತಮಾಷೆ ಮಾಡಿಸಿಕೊಳ್ಳುವುದಕ್ಕೆ ಜನ ಅಲ್ಲಿಗೇ ಬರೋರು. ಲಕ್ವ ಹೊಡೆದ ಮೇಲೆ ಅವರು ಜಗಲಿಯಿಂದ ಕೆಳಗಿಳಿಯಲಿಲ್ಲ. ಯಾರಾದರೂ ಬೀದಿಯಲ್ಲಿ ಬರುತ್ತಿದ್ದರೆ ಎದ್ದು ಒಳಗೆ ಹೋಗಿಬಿಡೋರು.

ನಾನು ಒಂದು ದಿನ ಧೈರ್ಯ ಮಾಡಿ ಕೇಳಿದೆ. "ಮಾವ, ಕಾಲು ಸರಿಹೋಯ್ತಲ್ಲ, ಕಟ್ಟೆಗಂಟ ಹೋಗಿ ಬರಬಾರ್ದಾ?"

"ಈ ಮಕ ಒತ್ಕಂಡಾ?" ಅಂತ ಬೆಳೆದ ಗಡ್ಡ ಕೆರೆದುಕೊಂಡರು. "ಇಂಗೋಗಿ ಕುಂತ್ರೆ ಜನ 'ಅಯ್ಯೋ ಪಾಪ' ಅಂತಾರೆ ಕಣವ್ವ. ಬೈಸ್ಕಂಡು ಬದುಕ್ದೋನು ನಾನು. ಪಾಪ ಅನ್ನಿಸ್ಕಂಡು ಬದುಕಾಕಾಗಕ್ಕಿಲ್ಲ."

ಆಗ ನನಗೆ ತಿಳಿಯಿತು. ಗಡ್ಡ ಹೋದರೆ ಮಾವ ಕಟ್ಟೆಗೆ ಹೋಗುತ್ತಾರೆ. ಗಡ್ಡ ನಿಂತರೆ ಮಾವ ಜಗಲಿಯಲ್ಲೇ ಉಳಿಯುತ್ತಾರೆ.

ಕ್ಷೌರ ಮಾಡುವವರನ್ನು ಕರೆಸೋಣ ಅಂದರೆ, "ಇಷ್ಟ್ ವರ್ಸ ಅವ್ನಿಗೆ ತಲೆ ಕೊಟ್ಟಿವ್ನಿ, ಕೆನ್ನೆ ಯಾವತ್ತೂ ಕೊಟ್ಟಿಲ್ಲ" ಅಂದುಬಿಟ್ಟರು. ನಮ್ಮೆಜಮಾನರು "ನಾನೇ ಹೆರೀತೀನಿ ಬುಡಪ್ಪ" ಅಂತ ಮುಂದೆ ಬಂದರು. ಮಾವ ಮಗನನ್ನು ಮೇಲಿಂದ ಕೆಳಗೆ ನೋಡಿ, "ನಿಂಗೆ ನೆಟ್ಟಗೆ ಹುಲ್ಲು ಕುಯ್ಯಾಕೇ ಬರಕ್ಕಿಲ್ಲ, ನನ್ ಗಡ್ಡ ಕುಯ್ದೀಯಾ? ಹೋಗ್ಲಾ" ಅಂದರು. ಅಲ್ಲಿಗೆ ಆ ದಾರಿಯೂ ಮುಚ್ಚಿತು.

ಎಡಗೈಯಲ್ಲಿ ಅವರೇ ಒಂದೆರಡು ಸಲ ಪ್ರಯತ್ನಪಟ್ಟರು. ಬಾಗಿಲ ಸಂದಿಯಿಂದ ನಾನು ನೋಡುತ್ತಿದ್ದೆ. ಮೊದಲಾದರೆ ಲೋಟವನ್ನು ಎಡಗೈಲಿ ಹಿಡಿದು ಬಲಗೈಲಿ ಕಡೆಯೋರು. ಈಗ ಲೋಟ ಹಿಡಿಯಲು ಕೈಯೇ ಇಲ್ಲ. ಬ್ರಷ್ಷು ಹಾಕಿ ತಿರುವಿದರೆ ಲೋಟ ಕಲ್ಲಿನ ಮೇಲೆ ಓಡಿಹೋಗೋದು, ಇವರು ಬ್ರಷ್ಷು ಹಿಡಿದು ಅದರ ಹಿಂದೆ ಹೋಗೋರು. ಹಟ್ಟಿಯಲ್ಲಿ ಕೋಳಿ ಅಟ್ಟಿದ ಹಾಗೆ. ಅಂತೂ ಗೋಡೆ ಮೂಲೆಗೆ ಒತ್ತಿ ಹಿಡಿದು ನೊರೆ ಎಬ್ಬಿಸುವ ಹೊತ್ತಿಗೆ ನೀರು ತಣ್ಣಗಾಗಿರೋದು. ಲಕ್ವ ಹೊಡೆದ ಕಡೆಯ ಕೆನ್ನೆಗೆ ತಣ್ಣಗಿನದು ಸೋಕಿದರೆ ಸೂಜಿ ಚುಚ್ಚಿದ ಹಾಗಾಗುತ್ತಿತ್ತಂತೆ. ಟವೆಲ್ಲಿನಲ್ಲಿ ನೊರೆ ಒರೆಸಿಕೊಂಡು, ಕನ್ನಡಿಯನ್ನು ಗೋಡೆ ಕಡೆ ತಿರುಗಿಸಿ ಎದ್ದುಬಿಡೋರು.

ಅಂದಮೇಲೆ ಬೇಕಾಗಿದ್ದದ್ದು ಒಂದು ಬಟ್ಟಲು. ಕೂತ ಕಡೆ ಕೂರಬೇಕು, ಬಿಸಿ ಬಿಡಬಾರದು. ಇಷ್ಟೇ ತಾನೇ ಅಂದುಕೊಂಡೆ.

ನನ್ನ ತವರು ನಾಗಮಂಗಲದ ಕಡೆ. ಅಲ್ಲಿ ಹಿತ್ತಾಳೆ ಕೆಲಸದವರಿಗೆ ಕಡಿಮೆಯಿಲ್ಲ. ಅಣ್ಣನಿಗೆ ಹೇಳಿಕಳಿಸಿದೆ, ಗಟ್ಟಿ ಹಿತ್ತಾಳೆ ಬಟ್ಟಲೊಂದನ್ನು ತಂದುಕೊಟ್ಟ. ಅಲುಗಾಡಲಿಲ್ಲ, ನಿಜ. ಆದರೆ ಬಿಸಿನೀರು ಹಾಕಿದರೆ ಮುಟ್ಟಲಾಗದ ಹಾಗೆ ಸುಡೋದು, ಕನ್ನಡಿ ಸರಿಮಾಡಿಕೊಳ್ಳುವಷ್ಟರಲ್ಲಿ ಆರಿಹೋಗೋದು. ಮಾವ ಅದನ್ನು ನನ್ನ ಕೈಗೆ ವಾಪಸ್ಸು ಕೊಟ್ಟು, "ನಿಮ್ ಅಣ್ಣನ ಕ್ವಾಪ ಇದ್ದಂಗದೆ ಕಣವ್ವ. ಬಂದಾಗ ಕೆಂಡ, ತಿರುಗಿ ನೋಡೋದ್ರಲ್ಲಿ ಬೂದಿ" ಅಂದರು. ಅಣ್ಣ ಪಕ್ಕದಲ್ಲೇ ಕಾಫಿ ಕುಡಿಯುತ್ತ ಕೂತಿದ್ದ.

ಪಿಂಗಾಣಿಯ ಯೋಚನೆ ಬಂದದ್ದು ಮೊಸರಿನಿಂದ. ಚಳಿಗಾಲದಲ್ಲಿ ಹಾಲಿಗೆ ಹೆಪ್ಪು ಹಾಕುವ ಮೊದಲು ನಾನು ಪಿಂಗಾಣಿ ಜಾಡಿಗೆ ಬಿಸಿನೀರು ಸುರಿದು, ಜಾಡಿ ಮೈಯೆಲ್ಲ ಬೆಚ್ಚಗಾದ ಮೇಲೆ ಚೆಲ್ಲಿ, ಆಮೇಲೆ ಹಾಲು ಹಾಕುತ್ತಿದ್ದೆ. ಹಾಗೆ ಮಾಡಿದರೆ ಎಂಥ ಚಳಿಗೂ ಮೊಸರು ಗಟ್ಟಿ ಕೂರುತ್ತದೆ. ಒಂದು ಸಂಜೆ ಆ ಜಾಡಿಯನ್ನು ಹೊಟ್ಟೆಗೆ ಅವಚಿ ಹಿಡಿದುಕೊಂಡಿದ್ದಾಗ, ಮೊಸರಿಗೆ ಆಗುವುದು ನೊರೆಗೆ ಯಾಕಾಗಬಾರದು ಅನ್ನಿಸಿತು. ಇಂಥದ್ದೆಲ್ಲ ಒಲೆ ಮುಂದೆ ಕೂತಾಗಲೇ ದೇವರು ತೋರಿಸಿಕೊಡುತ್ತಾನೆ. ಗುಡಿಗೆ ಹೋಗಿ ಕೇಳಿದ್ದಕ್ಕಿಂತ ಹೆಚ್ಚು ಉತ್ತರ ನನಗೆ ಅಡುಗೆಮನೆಯಲ್ಲಿ ಸಿಕ್ಕಿದೆ.

ಹಾಗಂತ ಮೊದಲ ಸಲವೇ ಸರಿಹೋಗಲಿಲ್ಲ. ಕೃಷ್ಣರಾಜಪೇಟೆ ಸಂತೆಗೆ ಹೋದಾಗ ಒಂದು ಪಿಂಗಾಣಿ ಕಪ್ಪು ತಂದೆ, ಹಿಡಿ ಇದ್ದದ್ದು, ಉದ್ದಕ್ಕೆ ಇತ್ತು. ಬಿಸಿ ಚೆನ್ನಾಗಿ ನಿಂತಿತು. ಆದರೆ ಮಾವನ ಬ್ರಷ್ಷು ಅದರೊಳಗೆ ಅರಳಲು ಜಾಗವೇ ಇಲ್ಲ. ಮುದ್ದೆ ಕೋಲನ್ನು ಚೊಂಬಿನೊಳಗೆ ತಿರುವಿದ ಹಾಗೆ ಕೂದಲೆಲ್ಲ ಅಂಚಿಗೆ ಉಜ್ಜಿ ಮುದುಡಿಕೊಂಡಿತು. ಮೇಲೆ ಕಪ್ಪು ಮಗುಚಿಕೊಂಡು ಬಿತ್ತು ಬೇರೆ.

ಅದಾದ ಮೇಲೆ ಪಾಂಡವಪುರದ ನಾದಿನಿ ಮನೆಗೆ ಹೋದಾಗ ಅಲ್ಲಿನ ಅಂಗಡಿಯೊಂದರಲ್ಲಿ ಅಗಲವಾದ ಬಟ್ಟಲು ಕಂಡಿತು. ಗುಲಾಬಿ ಹೂವಿನ ಚಿತ್ರ, ನೋಡಲು ಬಹಳ ಚೆಂದ. ಈ ಸಲ ಬ್ರಷ್ಷಿಗೆ ಓಡಾಡಲು ಊರಷ್ಟು ಜಾಗ. ನೊರೆ ಎದ್ದಿತು, ಎದ್ದದ್ದು ಹೆಂಚಿನ ಮೇಲಿನ ದೋಸೆ ಹಿಟ್ಟಿನ ಹಾಗೆ ಸುತ್ತ ಹರಡಿ, ತೆಳ್ಳಗಾಗಿ, ಆರಿ ಅಂಟಿಕೊಂಡಿತು. ಮಾವ ಹೂವಿನ ಚಿತ್ರ ನೋಡುತ್ತ ಹೇಳಿದರು, "ಬಟ್ಲು ಬಲ್ ಪಸಂದಾಗದೆ. ಗಡ್ಡ ಹೆರ್ಯಾಕಲ್ಲ, ಹೆಣ್ ಕೇಳಾಕೆ ಬಂದೋರ್ಗೆ ಬಾಳೆಹಣ್ಣು ಇಕ್ಕಾಕೆ."

ನಾನು ಅಲ್ಲಿಯ ತನಕ ಬಟ್ಟಲನ್ನಷ್ಟೇ ನೋಡಿದ್ದೆ, ಬ್ರಷ್ಷನ್ನು ನೋಡಿರಲಿಲ್ಲ. ಕಡಗೋಲಿಗೆ ತಕ್ಕ ಗಡಿಗೆ ಬೇಕು. ಕಡಗೋಲು ಗಡಿಗೆಯ ಮೈಗೆ ತಗುಲಬಾರದು, ಮಜ್ಜಿಗೆ ಕಡಗೋಲಿಂದ ದೂರ ಓಡಬಾರದು. ಇದು ನನಗೆ ಚಿಕ್ಕಂದಿನಿಂದ ಗೊತ್ತಿದ್ದದ್ದೇ. ಮುಂದಿನ ಸಲ ಬ್ರಷ್ಷನ್ನೇ ಜೊತೆಗೆ ಕರೆದುಕೊಂಡು ಹೋಗುವುದು ಅಂತ ತೀರ್ಮಾನ ಮಾಡಿದೆ.

ಧನುರ್ಮಾಸ ಬಂತು. ಮಾವ ಹುಷಾರಾದರೆ ಕರಿಘಟ್ಟದ ಸ್ವಾಮಿಗೆ ಹಣ್ಣುಕಾಯಿ ಮಾಡಿಸುತ್ತೀನಿ ಅಂತ ಅತ್ತೆ ಹರಕೆ ಹೊತ್ತಿದ್ದರು. ಒಂದು ಶನಿವಾರ ನಾವಿಬ್ಬರೂ ಶ್ರೀರಂಗಪಟ್ಟಣಕ್ಕೆ ಹೊರಟೆವು. ಹೊರಡುವಾಗ ಬ್ರಷ್ಷನ್ನು ಕಾಗದದಲ್ಲಿ ಸುತ್ತಿ ಬ್ಯಾಗಿಗೆ ಹಾಕುತ್ತಿದ್ದೆ, ಅತ್ತೆ ನೋಡಿಬಿಟ್ಟರು.

"ಅಮ್ಮಿ, ಕಾಯಿ ಒಂದ್ ಬ್ಯಾಗು, ಆ ಪ್ರಾಣಿ ಒಂದ್ ಬ್ಯಾಗು. ಎಲ್ಡೂ ಒಂದ್ಕೊಂದು ಸೋಕ್ಕೂಡದು. ಬಸ್ಸಲ್ಲಿ ನೀನು ಆ ಕಡೆ ಕುಂತ್ಕೊ, ನಾನು ಈ ಕಡೆ."

ಕಿಟಕಿ ಪಕ್ಕದ ಸೀಟು ಸಿಕ್ಕಿತು. ಅದನ್ನೂ ದೇವರ ಲೆಕ್ಕಕ್ಕೇ ಬರೆದುಕೊಂಡೆ.

ಶ್ರೀರಂಗಪಟ್ಟಣದ ಬಸ್‌ಸ್ಟ್ಯಾಂಡಿನ ಹತ್ತಿರ ಪಿಂಗಾಣಿ, ಗಾಜಿನ ಸಾಮಾನಿನ ಒಂದು ಸಣ್ಣ ಅಂಗಡಿ. ವಯಸ್ಸಾದ ಸಾಬರು ಇಟ್ಟುಕೊಂಡಿದ್ದರು. ನಾನು ಬ್ರಷ್ಷು ತೆಗೆದು ಬಟ್ಟಲು ಬಟ್ಟಲಿಗೆ ಇಳಿಸಿ ತಿರುಗಿಸಿ ನೋಡಲು ಶುರುಮಾಡಿದೆ. ಅತ್ತೆ ಈ ಹೆಂಗಸು ಯಾರೋ ನನಗೆ ಗೊತ್ತಿಲ್ಲ ಅನ್ನುವ ಹಾಗೆ ಬೀದಿ ಕಡೆ ಮುಖ ಮಾಡಿ ನಿಂತಿದ್ದರು.

ಸಾಬರು ಸ್ವಲ್ಪ ಹೊತ್ತು ನೋಡಿ, "ಏನಮ್ಮಾ, ಬ್ರಷ್ಷಿಗೆ ಬಾಡಿಗೆ ಮನೆ ಹುಡುಕ್ತಾ ಇದೀರಾ?" ಅಂದರು.

"ಸ್ವಂತ ಮನೆ ಸಾಬ್ರೇ. ಅಲ್ಲಾಡ್ಬಾರ್ದು, ಬೆಚ್ಚಗಿರ್ಬೇಕು, ಒಳಗೆ ತಿರುಗಾಡೋಕೆ ಜಾಗ ಇರ್ಬೇಕು."

"ಅರೆ, ಅಂಥದ್ದು ಸಿಕ್ಕಿದ್ರೆ ನಾನೇ ಹೋಗಿ ಇರ್ತಿದ್ದೆ" ಅಂತ ನಗುತ್ತ ಮೇಲಿನ ಅಟ್ಟಣೆಯಿಂದ ಒಂದನ್ನು ಇಳಿಸಿದರು. ಬಿಳಿ ಬಟ್ಟಲು, ಅಂಚಿಗೆ ನೀಲಿ ಗೆರೆ. ತಳ ದಪ್ಪ, ಗೋಡೆ ನೆಟ್ಟಗೆ. ಬ್ರಷ್ಷು ಇಳಿಸಿ ತಿರುಗಿಸಿದೆ. ಕೂದಲಿನ ಸುತ್ತ ಒಂದು ಬೆರಳಷ್ಟು ಜಾಗ ಬಿಟ್ಟುಕೊಂಡು ಸಲೀಸಾಗಿ ತಿರುಗಿತು. ಬಟ್ಟಲು ಕದಲಲಿಲ್ಲ. ಅಂಥದ್ದು ಅದೊಂದೇ ಉಳಿದಿತ್ತು. ಮನಸ್ಸಿಗೆ ಎಷ್ಟು ಸಮಾಧಾನವಾಯಿತು ಅಂದರೆ, ಹರಕೆ ಅಲ್ಲೇ ತೀರಿತು ಅನ್ನಿಸಿತು.

ಬೆಟ್ಟದ ಕೆಳಗೆ ಲೋಕಪಾವನಿಯಲ್ಲಿ ಕಾಲು ತೊಳೆದುಕೊಳ್ಳುವಾಗ, ಅಂಗಡಿಯ ದೂಳು ಮೆತ್ತಿದ್ದ ಬಟ್ಟಲನ್ನೂ ಸ್ವಲ್ಪ ಮರಳು ಹಾಕಿ ಥಳಥಳ ಅನ್ನುವ ಹಾಗೆ ತೊಳೆದೆ. ಬ್ರಷ್ಷಿದ್ದ ಬ್ಯಾಗಿನೊಳಗೆ ನೀರು ಸೋರಬಾರದು ಅಂತ, ಬಟ್ಟಲನ್ನು ಅತ್ತೆಯ ಬ್ಯಾಗಿಗೆ ಹಾಕಿದೆ. ಮೆಟ್ಟಿಲು ಹತ್ತಿ ಹೋಗುವಷ್ಟರಲ್ಲಿ ಯಾರೋ ಭಕ್ತರ ಸೇವೆ ನಡೆದು, ಬಿಸಿಬಿಸಿ ಹುಗ್ಗಿ ನೈವೇದ್ಯ ಆಗಿತ್ತು. ಹಣ್ಣುಕಾಯಿ ಮಾಡಿಸಿ ಮಂಗಳಾರತಿ ತಗೊಂಡೆವು. ಅರ್ಚಕರು ಹುಗ್ಗಿ ಪಾತ್ರೆ ಹಿಡಿದು ಬಂದು, "ದೊನ್ನೆ ಮುಗಿದುಹೋಯ್ತಮ್ಮ, ಪಾತ್ರೆ ಏನಾದ್ರೂ ತಂದಿದೀರಾ?" ಅಂದರು.

ಅತ್ತೆ ಪ್ರಸಾದಕ್ಕೆ ಅಂತಲೇ ಸ್ಟೀಲ್ ಡಬ್ಬಿ ತಂದಿದ್ದರು. ಬ್ಯಾಗಿಗೆ ಕೈ ಹಾಕಿದರೆ ಡಬ್ಬಿ ಇಲ್ಲ. ಬಸ್ಸಿನಲ್ಲೇ ಉಳಿದಿತ್ತು. ಕೈಗೆ ಸಿಕ್ಕಿದ್ದು ಫಳಫಳ ಹೊಳೆಯುವ ಹೊಸ ಬಟ್ಟಲು. ದೇವರೆದುರು ನಿಂತಾಗ ನಮ್ಮತ್ತೆಗೆ ಬೇರೆ ಯಾವುದೂ ತಲೆಯಲ್ಲಿರುವುದಿಲ್ಲ. ಎರಡೂ ಕೈಯಲ್ಲಿ ಹಿಡಿದು ಚಾಚಿಬಿಟ್ಟರು.

"ಅತ್ತೆ, ಅತ್ತೆ, ಅದು..." ಅಂತ ನಾನು ಪಿಸುಗುಟ್ಟಿದೆ. ಗರ್ಭಗುಡಿ ಮುಂದೆ ಮಾತಾಡುತ್ತೀಯಾ ಅಂತ ತೊಡೆಗೆ ಒಂದು ಚಿವುಟಿದರು. ಅರ್ಚಕರು ಧಾರಾಳವಾಗಿ ಹಾಕಿದರು. ತುಪ್ಪ ಮಿನುಗುವ ಹುಗ್ಗಿ, ಮೇಲೊಂದು ತುಳಸಿದಳ. ಬಟ್ಟಲು ತುಂಬಿಹೋಯಿತು.

ಹೊರಗೆ ಬಂದು ಬಂಡೆ ಮೇಲೆ ಕೂತಾಗ ಅತ್ತೆ ಬಟ್ಟಲನ್ನು ಕಣ್ಣಿಗೊತ್ತಿಕೊಂಡರು. ಒತ್ತಿಕೊಂಡವರು ಅಂಚಿನ ನೀಲಿ ಗೆರೆ ನೋಡಿದರು.

"ಅಮ್ಮಿ. ಇದು ಅದೇನಾ?"

"ಅದೇ ಅತ್ತೆ."

"ಅಂಗಡೀಲಿ ಆ ಪ್ರಾಣಿನ ಇದ್ರೊಳಗೆ ಬುಟ್ಟಿದ್ದಾ?"

"ಆಮೇಲೆ ಹೊಳೇಲಿ ತೊಳೆದ್ನಲ್ಲ. ಮರಳು ಹಾಕಿ ತೊಳೆದೆ."

"ಒಂದ್ ಮಾತು ಯೋಳ್ಬಾರ್ದಾಗಿತ್ತಾ?"

"ಯೋಳಕ್ಕೆ ಬಂದೆ. ಚಿವುಟಿದ್ರಿ."

ಅತ್ತೆ ಬಟ್ಟಲನ್ನು ಮಡಿಲಲ್ಲಿಟ್ಟು ಕೆಳಗೆ ಎರಡು ಹೊಳೆ ಸೇರುವ ಕಡೆಗೆ ಕೈ ಮುಗಿದರು. ಆಮೇಲೆ, "ಹೊಳೆ ನೀರು ಬಿದ್ಮೇಲೆ ಎಲ್ಲಾ ಚೊಕ್ಕ. ಅವ್ನೇನು ಕೋಪ ಮಾಡ್ಕಳಾಕಿಲ್ಲ, ಬುಡು" ಅಂತ ತಾವೇ ತೀರ್ಪು ಕೊಟ್ಟರು. ಆದರೆ ತೀರ್ಪಿನ ಎರಡನೇ ಭಾಗ ಇನ್ನೂ ಇತ್ತು. "ಇನ್ ಮ್ಯಾಲೆ ಇದು ದೇವ್ರ ಬಟ್ಲು. ಇದ್ಕೆ ಸೋಪು ಮುಟ್ಟುಸ್ಕೂಡದು."

ನನಗೆ ಅಳು ಬಂದ ಹಾಗಾಯಿತು. ಅತ್ತೆಯ ಮುಖ ನೋಡಿದರೆ ನಗು ಬಂತು. ಇಬ್ಬರೂ ನಕ್ಕೆವು. ಬೆಟ್ಟ ಇಳಿದು ಬಂದರೆ ಸಾಬರ ಅಂಗಡಿ ಬಾಗಿಲು ಹಾಕಿತ್ತು, ನಮ್ಮ ಬಸ್ಸು ಹೊರಡಲು ನಿಂತಿತ್ತು. ಬಸ್ಸಿನಲ್ಲಿ ಕೂತು ಮುಟ್ಟಿ ನೋಡಿದೆ. ಹುಗ್ಗಿ ಇನ್ನೂ ಬೆಚ್ಚಗಿತ್ತು. ಎಷ್ಟು ಒಳ್ಳೆಯ ಬಟ್ಟಲು ಕೈತಪ್ಪಿತು ಅಂತ ಮತ್ತೊಂದು ಸಲ ಹೊಟ್ಟೆ ಉರಿಯಿತು.

ಮನೆ ತಲುಪಿದಾಗ ಮಾವ ಜಗಲಿಯಲ್ಲೇ ಕಾಯುತ್ತಿದ್ದರು. ಅತ್ತೆ ಏನೂ ಹೇಳದೆ ಬಟ್ಟಲನ್ನು ಅವರ ಮುಂದೆ ಇಟ್ಟು, "ಪ್ರಸಾದ, ತಕ್ಕಳಿ" ಅಂದರು. ಮಾವ ಸೋತ ಬಲಗೈಯನ್ನು ಎಡಗೈಯಲ್ಲಿ ಎತ್ತಿ ಹಿಡಿದು ಕೈ ಮುಗಿದು, ಚಮಚ ಹಾಕಿ ತಿನ್ನಲು ಶುರುಮಾಡಿದರು. ಎಡಗೈಯಲ್ಲಿ ತಿನ್ನುವಾಗ ತಟ್ಟೆ ಅತ್ತಿತ್ತ ಜರುಗುತ್ತದೆ ಅಂತ ನಾನು ಯಾವಾಗಲೂ ಒಂದು ಕೈ ಕೊಡುತ್ತಿದ್ದೆ. ಈಗಲೂ ಹಿಡಿಯಲು ಬಗ್ಗಿದೆ.

"ಬುಡವ್ವ" ಅಂದರು. ಚಮಚದಲ್ಲಿ ಅಂಚು ಕೆರೆದರು, ತಳ ಕೆರೆದರು. ಬಟ್ಟಲು ಕೂತ ಕಡೆಯಿಂದ ಕದಲಲಿಲ್ಲ. ಖಾಲಿಯಾದ ಮೇಲೆ ಅದನ್ನೇ ನೋಡುತ್ತ, "ಇದ್ಯಾವ್ ಬಟ್ಲು? ಒಳ್ಳೆ ಪಟೇಲ ಕುಂತಂಗೆ ಕುಂತದಲ್ಲಾ" ಅಂದರು.

"ಅದೇ ಮಾವ, ನಿಮ್ಮ ಗಡ್ಡದ ಬಟ್ಲು" ಅಂದೆ.

ನಡೆದದ್ದನ್ನೆಲ್ಲ ಹೇಳಿದೆ. ನಮ್ಮೆಜಮಾನರು ಕಂಬ ಹಿಡಿದುಕೊಂಡು ನಕ್ಕರು. ಮಾವ ನಗಲಿಲ್ಲ. ಬಟ್ಟಲನ್ನು ಅತ್ತೆಯ ಕಡೆ ನೂಕಿ, "ಒಳೀಕೆ ಇಕ್ಕು. ಸ್ವಾಮಿ ಉಂಡ ಬಟ್ಲಲ್ಲಿ ನನ್ ಗಡ್ಡ ತೊಳೆಯಾಕಿಲ್ಲ" ಅಂದರು. ಅತ್ತೆ ಬಟ್ಟಲು ತೊಳೆದು ದೇವರ ಗೂಡಿನಲ್ಲಿಟ್ಟು ಬಂದರು. ಅಷ್ಟರಲ್ಲಿ ಅವರೇ ಮುಂದುವರಿಸಿದರು. "ಬುಧ್ವಾರ ನಾನೇ ಬತ್ತೀನಿ. ನಿಮ್ಮಿಬ್ರುನ್ನ ಕಳ್ಸುದ್ರೆ ಇನ್ನೊಂದ್ನೂ ಎತ್ಕಂಡೋಗಿ ಯಾವ್ದಾದ್ರೂ ದೇವ್ರಿಗೆ ಕೊಟ್ಬತ್ತೀರ."

ಜಗಲಿಯಿಂದ ಇಳಿಯದಿದ್ದವರು ಶ್ರೀರಂಗಪಟ್ಟಣಕ್ಕೆ ಬರುತ್ತೀನಿ ಅಂದರಲ್ಲ! ಅತ್ತೆ ನನ್ನ ಕಡೆ ನೋಡಿದರು. ನಾನು ದೇವರ ಗೂಡಿನ ಕಡೆ ನೋಡಿದೆ. ನೀಲಿ ಗೆರೆಯ ಬಟ್ಟಲು ಆಗಲೇ ಅಲ್ಲಿ ಕೂತಿತ್ತು.

ಬುಧವಾರ ಬೆಳಿಗ್ಗೆ ಮಾವ ಟವೆಲ್ಲಿನಲ್ಲಿ ಕಣ್ಣು ಮಾತ್ರ ಬಿಟ್ಟು ಮುಖ ಪೂರ್ತಿ ಸುತ್ತಿಕೊಂಡು ಬಸ್ಸು ಹತ್ತಿದರು. ಕಟ್ಟೆ ಮುಂದೆ ಬಸ್ಸು ಹಾಯುವಾಗ ತಲೆ ತಗ್ಗಿಸಿಕೊಂಡರು. ಕಂಡಕ್ಟರು ಬಂದು, "ಅಜ್ಜೋ, ಮಕ ತೋರ್ಸಿ, ಟಿಕೇಟು ಕೊಡ್ಬೇಕು" ಅಂದ.

"ಮಕಕ್ಕೂ ಬ್ಯಾರೆ ಟಿಕೇಟಾ? ಅಂಗಾದ್ರೆ ಮುಚ್ಕಂಡೇ ಇರ್ತದೆ ಬುಡ್ಲಾ" ಅಂದರು. ಎಷ್ಟೋ ದಿನದ ಮೇಲೆ ಹೊರಗಿನವರ ಜೊತೆ ಅವರು ಆಡಿದ ಮೊದಲ ಮಾತು ಅದು.

ಸಾಬರು ನಮ್ಮನ್ನು ಕಂಡ ಕೂಡಲೇ, "ಏನಮ್ಮಾ, ಒಡೆದುಹೋಯ್ತಾ?" ಅಂದರು.

"ಇಲ್ಲ ಸಾಬ್ರೇ, ದೇವ್ರಿಗೆ ಹೋಯ್ತು."

ವಿಷಯ ಕೇಳಿ ಅವರು ಗಡ್ಡ ಅಲ್ಲಾಡುವ ಹಾಗೆ ನಕ್ಕು, "ಅಂದ್ರೆ ನಮ್ಮ ಅಂಗಡಿ ಮಾಲು ಮೇಲಿನವನಿಗೇ ಪಸಂದ್ ಆಗಿದೆ" ಅಂತ ಮಾವನವರಿಗೆ ಸ್ಟೂಲು ಹಾಕಿದರು. ಮಾವ ಬಟ್ಟಲುಗಳ ಕಡೆ ನೋಡಲೇ ಇಲ್ಲ. ಮೂಲೆಯಲ್ಲಿ ಮುಚ್ಚಳ ಒಡೆದುಹೋದ ಒಂದು ಗಿಡ್ಡ ಉಪ್ಪಿನಕಾಯಿ ಜಾಡಿ ಇತ್ತು. ಕೆಳಗೆ ಬಿಳಿ, ಬಾಯಿ ಹತ್ತಿರ ಕಂದು ಬಣ್ಣ, ಹೊಟ್ಟೆ ಇಷ್ಟು ದಪ್ಪ, ಬಾಯಿ ಅಗಲ. ಅದನ್ನೇ ಬೆರಳಿಂದ ತೋರಿಸಿದರು.

"ಅದಕ್ಕೆ 'ಢಕ್ಕನ್' ಇಲ್ಲ, ಯಜಮಾನ್ರೇ" ಅಂದರು ಸಾಬರು.

"ನನ್ ಗಡ್ಡಕ್ಕೆ ಮುಚ್ಳ ಯಾಕೆ? ಇತ್ತಾಗೆ ತನ್ನಿ. ಉಪ್ಪಿನಕಾಯಿ ಜಾಡೀಗೆ ಯಾವ ಅರ್ಚಕ್ರೂ ಹುಗ್ಗಿ ಹಾಕಾಕಿಲ್ಲ" ಅಂತ ಅತ್ತೆಯ ಕಡೆ ಓರೆಗಣ್ಣು ಬಿಟ್ಟರು.

ನಾನು ಬ್ರಷ್ಷಿಗೆ ಅಂತ ಬ್ಯಾಗಿಗೆ ಕೈ ಹಾಕಿದರೆ ಅದು ಅಲ್ಲಿರಲಿಲ್ಲ. ಮಾವ ಹೆಗಲ ಚೀಲ ಬಿಚ್ಚಿ ಬ್ರಷ್ಷು, ಸೋಪು, ರೇಜರು, ಕನ್ನಡಿ ಎಲ್ಲವನ್ನೂ ಹೊರಗಿಟ್ಟರು. ಯಾವಾಗ ತುಂಬಿಕೊಂಡಿದ್ದರೋ ನನಗೆ ಗೊತ್ತೇ ಇಲ್ಲ. ಪಕ್ಕದ ಟೀ ಅಂಗಡಿಯವನಿಗೆ ಬಿಸಿನೀರು ತರಲು ಕೂಗಿದರು.

ಅತ್ತೆ ಗಾಬರಿಯಾದರು. "ಏನಿದು? ಇಲ್ಲೇ?"

"ನೊಗ ಕಟ್ಟಿ ಉತ್ತು ನೋಡ್ದೆ ಯಾವಾಗ್ಲಾದ್ರೂ ಎತ್ತು ತಂದಿವ್ನಾ? ಇದ್ನೂ ಉತ್ತು ನೋಡೇ ತಕ್ಕಳೋದು."

ಜಾಡಿಗೆ ಬಿಸಿನೀರು ಸುರಿದರು, ಮೈ ಬೆಚ್ಚಗಾಗಲು ಬಿಟ್ಟು ಚೆಲ್ಲಿದರು. ನಾನು ಮೊಸರಿಗೆ ಮಾಡುವ ಹಾಗೆಯೇ. ಬ್ರಷ್ಷು ಇಳಿಸಿ ಎಡಗೈಯಲ್ಲಿ ತಿರುವಿದರು. ಕಲ್ಲು ಚಪ್ಪಡಿ ಮೇಲೆ ಜಾಡಿ ಗೂಟ ಹೊಡೆದ ಹಾಗೆ ನಿಂತಿತ್ತು. ಅದರ ಉಬ್ಬಿದ ಹೊಟ್ಟೆಯೊಳಗೆ ಬ್ರಷ್ಷು ಅರಳಿಕೊಂಡು ಸುತ್ತಿತು, ನೊರೆ ಹರಡಲು ದಾರಿಯಿಲ್ಲದೆ ಬೆಣ್ಣೆ ಬಂದ ಹಾಗೆ ಮೇಲಕ್ಕೆ ಎದ್ದು ಬಂತು. ನಾನು ಆರಿಸಿದ ನೀಲಿ ಗೆರೆಯ ಬಟ್ಟಲಿಗಿಂತ ಇದೇ ಸರಿ ಅಂತ ಒಪ್ಪಿಕೊಳ್ಳಲೇಬೇಕಾಯಿತು.

ಮಾವ ಆ ನೊರೆಯನ್ನು ಒಂದು ಗಳಿಗೆ ನೋಡಿದರು. "ಇಂಥಾ ನೊರೇನ ಚೆಲ್ಲಾಕಾಯ್ತದಾ?" ಅಂದವರೇ ಮುಖದ ಟವೆಲ್ಲು ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡರು. ಬ್ರಷ್ಷು ತೆಗೆದು ಕೆನ್ನೆಗೆ ಹಚ್ಚಿದರು. ಲಕ್ವ ಹೊಡೆದ ಕೆನ್ನೆಗೇ ಮೊದಲು. ಮುಖ ಹಿಂಡಬಹುದು ಅಂತ ನಾನು ನೋಡುತ್ತಿದ್ದೆ. ಹಿಂಡಲಿಲ್ಲ.

"ಬೆಚ್ಚಗದೆ" ಅಂದರು, ಯಾರಿಗೋ ಅನ್ನುವ ಹಾಗೆ.

ಬಸ್ಸಿಗೆ ಓಡುವವರು, ಟೀ ಕುಡಿಯುವವರು, ಹೂವಿನ ಬುಟ್ಟಿಯ ಹೆಂಗಸರು ಎಲ್ಲರೂ ನೋಡುತ್ತಿದ್ದರು. ನಮ್ಮೂರ ಬೀದಿಗೆ ಮುಖ ತೋರಿಸಲು ನಾಚಿದವರು ಶ್ರೀರಂಗಪಟ್ಟಣದ ಬಸ್‌ಸ್ಟ್ಯಾಂಡ್ ಎದುರು ಕೂತು ಎಡಗೈಯಲ್ಲಿ ಗಡ್ಡ ಹೆರೆದುಕೊಂಡರು. ಸಾಬರು ಕನ್ನಡಿ ಹಿಡಿದಿದ್ದರು. ಕನ್ನಡಿ ಹಿಡಿಸಿಕೊಳ್ಳುವುದಕ್ಕೆ ಮಾವ ಬೇಡವೆನ್ನಲಿಲ್ಲ. ನಿಧಾನಕ್ಕೆ, ಸಾಲು ಬಿಡಿಸಿದ ಹಾಗೆ, ಒಂದೊಂದೇ ಎಳೆ. ಜಾಡಿಯೊಳಗಿನ ನೊರೆ ಕೊನೆಯ ತನಕ ಬಿಸಿ ಬಿಡಲಿಲ್ಲ. ಒಂದು ಕಡೆ ಸಣ್ಣಗೆ ಗಾಯವಾಯಿತು, ಪಟಿಕ ಒತ್ತಿಕೊಂಡರು.

ಈ ಸಲವೂ ಬೀದಿಗೆ ಮುಖ ಮಾಡಿದ್ದ ಅತ್ತೆ ಯಾವಾಗ ಇತ್ತ ತಿರುಗಿದರೋ, "ದವಡೆ ಕೆಳಗೆ ಒಸಿ ಬುಟ್ಟಿದ್ದೀರಿ, ಬದು ಬುಟ್ಟಂಗೆ" ಅಂದರು.

"ಸರ್ವೆಗೆ ಬಂದವ್ಳೆ ನೋಡಿ" ಅಂತ ಮಾವ ಸಾಬರಿಗೆ ಹೇಳಿ ಅದನ್ನೂ ತೆಗೆದರು.

ಕ್ಷೌರ ಆಯಿತು, ಇನ್ನು ನೀರು ಬೀಳದೆ ಬಸ್ಸಿನಲ್ಲಿ ಪಕ್ಕದಲ್ಲಿ ಕೂರಿಸಿಕೊಳ್ಳುವುದಿಲ್ಲ ಅಂತ ಅತ್ತೆ ಹಟ ಹಿಡಿದರು. ಕಾವೇರಿಗೆ ಇಳಿದೆವು. ಮೆಟ್ಟಿಲ ಮೇಲೆ ಕೂರಿಸಿ ನಾನು ಚೊಂಬಿನಲ್ಲಿ ನೀರು ಹೊಯ್ದೆ. ಧನುರ್ಮಾಸದ ನೀರಿಗೆ ಮಾವ "ರಂಗಾ, ರಂಗಾ" ಅಂತ ಕೂಗಿಕೊಂಡರು. ಭಕ್ತಿಯೋ ಚಳಿಯೋ, ನನಗಂತೂ ಎರಡೂ ಒಂದೇ ಆಗಿ ಕೇಳಿತು. ಒದ್ದೆ ಕೆನ್ನೆ ಬಿಸಿಲಿಗೆ ಮಿಂಚುತ್ತಿತ್ತು.

ಸಂಜೆ ಬಸ್ಸು ನಮ್ಮೂರಿಗೆ ಬಂದಾಗ ಮಾವ ಟವೆಲ್ಲು ಸುತ್ತಿಕೊಂಡಿರಲಿಲ್ಲ. ಕಟ್ಟೆ ಹತ್ತಿರ ಇಳಿದೆವು. ಡೈರಿಗೆ ಹಾಲು ತಂದವರು, ಹಾಕಿ ಹೋಗುವವರು, ಕಟ್ಟೆ ತುಂಬ ಜನ. ನಾನು ಕೈ ಹಿಡಿದುಕೊಳ್ಳಲು ಹೋದೆ. "ನೀವು ನಡೀರಿ, ಕಾಪಿ ಇಕ್ಕಿ. ನಾನು ಒಸಿ ಕುಂತಿದ್ದು ಬತ್ತೀನಿ" ಅಂದರು.

ನಾಲ್ಕು ಹೆಜ್ಜೆ ಹೋಗಿರಲಿಲ್ಲ, ಹಿಂದಿನಿಂದ ಯಾರದೋ ದನಿ ಕೇಳಿತು. "ಓಹೋ! ಏನಣ್ಣಯ್ಯ, ಮದ್ವೆ ಗಂಡಾದಂಗೆ ಆಗ್ಬುಟ್ಟಿದ್ದೀಯಾ!"

"ಹೆಣ್ ನೋಡಾಕೆ ಪಟ್ಣಕ್ಕೆ ಹೋಗಿದ್ದೆ ಕಣ್ಲಾ" ಅಂದರು ಮಾವ. "ಒಪ್ಗೆ ಆಯ್ತು. ಬೆಳ್ಳಗವ್ಳೆ, ಒಸಿ ಗಿಡ್ಡ, ಹೊಟ್ಟೆ ದಪ್ಪ. ಕುಂತ್ರೆ ಏಳಾಕಿಲ್ಲ."

ಕಟ್ಟೆಗೆ ಕಟ್ಟೆಯೇ ನಕ್ಕಿತು. ಯಾರೂ 'ಪಾಪ' ಅನ್ನಲಿಲ್ಲ. ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಮುಂದೆ ಮುಂದೆ ಬೇಗ ನಡೆದರು. ನಾನು ಜಾಡಿ ಇದ್ದ ಬ್ಯಾಗನ್ನು ಆ ಕೈಯಿಂದ ಈ ಕೈಗೆ ಬದಲಾಯಿಸಿಕೊಂಡೆ. ಒಳ್ಳೇ ಭಾರವಾಗಿತ್ತು.